ದೊಡ್ಡ ಮನೆ ಮತ್ತು ಅದರ ಹಿತ್ತಲು

(ಸುವರ್ಣ ಮಹೋತ್ಸವದಂದು ಮೊದಲ ತಂಡದ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ ಮೊಂಟಾನಾ ರಾಜ್ಯದ ಡೀರ್ ಲಾಡ್ಜ್ ಎಂಬ ಸಣ್ಣ ಊರನ್ನು ನೋಡಿದೆ. ಅದು ದನ ಸಾಕಿ ಬಾಳಿದವರ ಸೀಮೆ. ಅಲ್ಲಿ ಜಾನಿ ಗ್ರಾಂಟ್ ಎಂಬಾತ 1862ರಲ್ಲಿ ಕಟ್ಟಿಸಿದ ಎರಡಂತಸ್ತಿನ ಮನೆಯಿದೆ. ವಲಸೆ ಹೊರಟವರ ಎರಡು ಬಡಕಲು ದನಕ್ಕೆ ತನ್ನದೊಂದು ಪುಷ್ಟ ದನ ಕೊಟ್ಟು, ಬಡಕಲನ್ನು ಮೇಯಿಸಿ ಮತ್ತೆ ಬದಲಿಗೆ ಬಿಡುತ್ತಿದ್ದ. ಹಾಗೆ ಬೆಳೆದ ಮನೆತನ.

1866ರಲ್ಲಿ ಆ ಮನೆಯನ್ನು ಕಾನ್ರಾಡ್ ಕೋರ್ಸ್ ಕೊಂಡರು. ಜರ್ಮನಿಯಿಂದ ಬಂದು, ಚಿನ್ನ ಅಗೆಯುವವರಿಗೆ ಮಾಂಸ ಮಾರುತ್ತಿದ್ದವರು. 1886–87ರ ಭೀಕರ ಚಳಿಗೆ ಆ ಸೀಮೆಯ ದನಗಳು ರಾಶಿರಾಶಿ ಸತ್ತವು. ಕೋರ್ಸ್ ಚೇತರಿಸಿಕೊಂಡು 1890ರಲ್ಲಿ ಮನೆಗೆ ಇಟ್ಟಿಗೆಯ ಭಾಗ ಸೇರಿಸಿದರು. 1901ರಲ್ಲಿ ಕಾಲೇಜು ಓದುತ್ತಿದ್ದ ಮಗ ತೀರಿಕೊಂಡಾಗ, ಅವನ ಹೆಸರಿನಲ್ಲಿ ಊರಿಗೊಂದು ಗ್ರಂಥಾಲಯ ಕಟ್ಟಿಸಿದರು. ಮೊಮ್ಮಗ ಸಾಮಾನು, ಕಾಗದಪತ್ರಗಳನ್ನು ಜೋಪಾನ ಮಾಡಿದ್ದರಿಂದ 1972ರಲ್ಲಿ ಮನೆ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು.

ಒಳಗಿನ ವೈಭವ ನೋಡಿ ಹಿತ್ತಲಿಗೆ ಬಂದೆ. ಆಳುಗಳು ಉಂಡು ಮಲಗುತ್ತಿದ್ದ ಕೋಣೆಗಳ ಸಾಲನ್ನೂ ಅಷ್ಟೇ ಅಕ್ಕರೆಯಿಂದ ಉಳಿಸಿದ್ದರು. ಅಲ್ಲಿ ನನಗೆ ಅಪ್ಪನ ನೆನಪಾಯಿತು.

ಅಪ್ಪ ಈ ಊರ ಗೌಡರ ಮನೆಯಲ್ಲಿ ದನ ಕಾಯುತ್ತಿದ್ದರು. ಪಡಸಾಲೆ ದಾಟಿ ಒಳಗೆ ಹೋದವರಲ್ಲ. ರಾತ್ರಿ ಮಲಗುತ್ತಿದ್ದುದು ಕೊಟ್ಟಿಗೆಯಲ್ಲಿ. ಅವರದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಮೊನ್ನೆ ಮುಖ್ಯೋಪಾಧ್ಯಾಯರು ಶಾಲೆಯ ಮೊದಲ ವರ್ಷದ ದಾಖಲಾತಿ ವಹಿ ತೆಗೆದು ತೋರಿಸಿದರು. ನನ್ನ ಹೆಸರಿನ ಮುಂದೆ ಅಪ್ಪನ ಹೆಸರು. ಉದ್ಯೋಗ, ದನ ಕಾಯುವುದು. ಅಪ್ಪ ಬಾಳಿದ್ದಕ್ಕೆ ಬರೆದಿಟ್ಟ ಗುರುತು ಅದೊಂದೇ. ಆ ಹಾಳೆಯ ಅಂಚಿಗೆ ಗೆದ್ದಲು ಹತ್ತಿದೆ.

ಗೌಡರ ಹಳೆಯ ಮನೆ ಕೆಡವುವ ಮಾತು ನಡೆದಿದೆಯಂತೆ. ಅದು ಅವರ ಸ್ವತ್ತು, ಬೇಡವೆನ್ನಲು ನಾನ್ಯಾರು? ನನ್ನದು ಎರಡೇ ಬಿನ್ನಹ. ಕೆಡವುವ ಮೊದಲು ನಮ್ಮ ಶಾಲೆಯ ಮಕ್ಕಳನ್ನು ಒಳಗೆ ಬಿಡಿ. ಕೆತ್ತನೆಯ ಕಂಬ, ಪಡಸಾಲೆಯ ಜೊತೆಗೆ ಕೊಟ್ಟಿಗೆಯ ಫೋಟೋವನ್ನೂ ತೆಗೆಯಲಿ. ಅಲ್ಲಿ ದುಡಿದವರ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಲಿ. ಎರಡನೆಯದು, ಶಾಲೆಯ ಹಳೆಯ ವಹಿಗಳನ್ನು ಇಡಲು ಒಂದು ಕಬ್ಬಿಣದ ಬೀರು ಕೊಡಿಸುತ್ತೇನೆ, ದಯವಿಟ್ಟು ಸ್ವೀಕರಿಸಿ.

ಅದರಲ್ಲಿ ನನ್ನಪ್ಪನೊಬ್ಬನೇ ಇಲ್ಲ, ನಿಮ್ಮ ಅಪ್ಪಂದಿರೂ ಇದ್ದಾರೆ.