ಗಾಜಿನ ತೊಟ್ಟಿಯಲ್ಲಿ ಹವಳದ ಬಾಳು

ಹವಳವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕರಿಮಣಿಯ ಸರದ ನಡುವೆ ಹೊಳೆಯುವ ಕೆಂಪು ಗುಂಡು. ನವರತ್ನಗಳಲ್ಲಿ ಅದಕ್ಕೊಂದು ಸ್ಥಾನವುಂಟು. ಜ್ಯೋತಿಷಿಗಳು ಅದನ್ನು ಮಂಗಳ ಗ್ರಹಕ್ಕೆ ಒಪ್ಪಿಸಿದ್ದಾರೆ. ವಜ್ರ ವೈಡೂರ್ಯಗಳ ಸಾಲಿನಲ್ಲಿ ಕುಳಿತದ್ದರಿಂದ ಅದೂ ಒಂದು ಬಗೆಯ ಕಲ್ಲೆಂದೇ ಬಹುಮಂದಿ ತಿಳಿದಿದ್ದಾರೆ. ಆದರೆ ಹವಳ ಕಲ್ಲಲ್ಲ, ಗಿಡವೂ ಅಲ್ಲ. ಅದು ಪ್ರಾಣಿ. ಅದರ ಬಳಗದ ಜೀವಿಗಳನ್ನು ಮನೆಯ ಪಡಸಾಲೆಯಲ್ಲಿ, ಗಾಜಿನ ತೊಟ್ಟಿಯೊಳಗೆ, ಉಪ್ಪುನೀರಿನಲ್ಲಿ ಸಾಕುವ ಹವ್ಯಾಸವೊಂದು ಇಂದು ಹಲವು ದೇಶಗಳಲ್ಲಿ ಹಬ್ಬಿದೆ. ಅದಕ್ಕೆ ಹೊಸದಾಗಿ ಕೈಹಾಕಬೇಕೆನ್ನುವವರಿಗೆ ನಾಲ್ಕು ಮಾತು ಹೇಳುವುದು ಈ ಭಾಷಣದ ಉದ್ದೇಶ.

ಹವಳ ಪ್ರಾಣಿಯೆಂಬ ಮಾತನ್ನು ಒಮ್ಮೆ ಪಂಡಿತರೂ ನಂಬಲಿಲ್ಲ. ಫ್ರಾನ್ಸಿನ ಪೆಸೊನೆಲ್ ಎಂಬ ವೈದ್ಯ 1720ರ ದಶಕದಲ್ಲಿ ಇದನ್ನು ಕಣ್ಣಾರೆ ಕಂಡು ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಬರೆದು ತಿಳಿಸಿದನು. ಅಲ್ಲಿನ ದೊಡ್ಡ ವಿಜ್ಞಾನಿ ರೆಯೋಮ್ಯೂರನಿಗೆ ಈ ಮಾತು ಎಷ್ಟು ಅಸಂಬದ್ಧವಾಗಿ ತೋರಿತೆಂದರೆ, ಬರೆದವನ ಮಾನ ಉಳಿಯಲೆಂದು ಅವನ ಹೆಸರೆತ್ತದೆಯೇ ಸಭೆಯಲ್ಲಿ ವಿಷಯವನ್ನು ಪ್ರಸ್ತಾಪಿಸಿದನಂತೆ. ಮುಂದೆ ಪೆಸೊನೆಲ್ ಹೇಳಿದ್ದೇ ಸರಿಯೆಂದು ಅದೇ ರೆಯೋಮ್ಯೂರ್ ಒಪ್ಪಿಕೊಳ್ಳಬೇಕಾಯಿತು.

ಬರಿಗಣ್ಣಿಗೆ ಒಂದು ಹವಳವಾಗಿ ಕಾಣುವುದು ನಿಜವಾಗಿ ಒಂದು ಊರು. ಆ ಊರಿನ ಒಬ್ಬೊಬ್ಬ ನಿವಾಸಿಯೂ ಮೆತ್ತನೆಯ ಚೀಲದಂಥ ಪುಟ್ಟ ಜೀವಿ. ಇದಕ್ಕೆ ಪಾಲಿಪ್ ಎಂದು ಹೆಸರು. ಚೀಲದ ಬಾಯಿಯ ಸುತ್ತ ಕುಟುಕುವ ಎಳೆಗಳಿರುತ್ತವೆ. ಕಲ್ಲುಹವಳದ ಪಾಲಿಪ್ ಸಮುದ್ರದ ನೀರಿನಿಂದ ಸುಣ್ಣದ ಅಂಶವನ್ನು ಹೀರಿ, ತನ್ನ ಬುಡದಲ್ಲಿ ತಾನೇ ಮನೆ ಕಟ್ಟಿಕೊಳ್ಳುತ್ತದೆ. ಇಂಥ ಕೋಟಿ ಕೋಟಿ ಮನೆಗಳು ಯುಗಯುಗಗಳಿಂದ ಒಂದರ ಮೇಲೊಂದು ಕೂಡಿ ಲಕ್ಷದ್ವೀಪದಂಥ ನೆಲವೇ ಎದ್ದಿದೆ. ಬಿಸಿಲು ಬೀಳುವ ನೀರಿನಲ್ಲಿ ಬೆಳೆಯುವ ಹವಳದ ಮೈಯೊಳಗೆ ಇನ್ನೊಂದು ಸಂಸಾರವುಂಟು: ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಅದು ಹವಳದ ಒಕ್ಕಲು. ಬೆಳಕಿನಿಂದ ಆಹಾರವನ್ನು ತಯಾರಿಸಿ ಅದರ ಬಹುಪಾಲನ್ನು ಒಡೆಯನಿಗೆ ಗೇಣಿಯಾಗಿ ಸಲ್ಲಿಸುತ್ತದೆ. ಒಡೆಯ ಅದಕ್ಕೆ ನೆಲೆಯನ್ನೂ ಗೊಬ್ಬರವನ್ನೂ ಒದಗಿಸುತ್ತಾನೆ. ಕೆಲವು ಹವಳಗಳು ತಮಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ 90ರಷ್ಟನ್ನು ಈ ಗೇಣಿಯಿಂದಲೇ ಪಡೆಯುತ್ತವೆ. ನಮ್ಮ ಸರದ ಕೆಂಪು ಹವಳಕ್ಕೆ ಈ ಒಕ್ಕಲಿಲ್ಲ. ಅದು ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲಿನಲ್ಲಿ ಬದುಕುವ ಬೇರೆ ಜಾತಿ. ತೊಟ್ಟಿಯಲ್ಲಿ ಸಾಕುವುದು ಬಿಸಿಲಿನ ಬಳಗವನ್ನು.

ಈ ಜೀವಿಗೆ ಬೇಕಾದದ್ದು ಮೂರೇ: ಬೆಳಕು, ಅಲೆದಾಡುವ ನೀರು, ಮತ್ತು ಆ ನೀರಿನ ಗುಣ ದಿನದಿಂದ ದಿನಕ್ಕೆ ಬದಲಾಗದಿರುವುದು. ಕೇಳುವುದಕ್ಕೆ ಸುಲಭ. ಆದರೆ ಮೂರನೆಯದರಲ್ಲೇ ಇರುವುದು ಕಷ್ಟವೆಲ್ಲ. ಸಮುದ್ರ ಬಹು ದೊಡ್ಡದು; ಒಂದು ದಿನದ ಬಿಸಿಲಿಗೆ ಅದು ಕಾಯುವುದಿಲ್ಲ, ಒಂದು ಮೀನು ಸತ್ತರೆ ಕೆಡುವುದಿಲ್ಲ. ನಿಮ್ಮ ತೊಟ್ಟಿಯಾದರೋ ಒಂದು ಮಧ್ಯಾಹ್ನದಲ್ಲಿ ಕಾಯುತ್ತದೆ, ಒಂದು ರಾತ್ರಿಯಲ್ಲಿ ಕೆಡುತ್ತದೆ. ಆದುದರಿಂದ ಈ ವಿದ್ಯೆಯ ಸಾರವನ್ನೆಲ್ಲ ಒಂದೇ ಮಾತಿನಲ್ಲಿ ಹೇಳಬಹುದು: ಹವಳವನ್ನು ಸಾಕುವುದೆಂದರೆ ನೀರನ್ನು ಸಾಕುವುದು. ನೀರು ಬಾಳಿದರೆ ಹವಳ ತಾನಾಗಿ ಬಾಳುತ್ತದೆ.

ಈ ಗುಟ್ಟನ್ನು ಮೊದಲು ತೋರಿಸಿಕೊಟ್ಟವರಲ್ಲಿ ಇಂಡೋನೇಷ್ಯದ ಜಕಾರ್ತ ನಗರದ ಲೀ ಚಿನ್ ಎಂಗ್ ಎಂಬುವರ ಹೆಸರು ಸ್ಮರಣೀಯ. ಸಮುದ್ರದ ನೀರು, ಜೀವಾಣುಗಳು ಮನೆಮಾಡಿದ ಸಮುದ್ರದ ಕಲ್ಲುಗಳು, ಒಂದಿಷ್ಟು ಗಾಳಿಗುಳ್ಳೆ, ಬಿಸಿಲು—ಇಷ್ಟರಿಂದಲೇ ತೊಟ್ಟಿಯಲ್ಲಿ ಹವಳಗಳನ್ನು ಉಳಿಸಿಕೊಂಡ ಬಗೆಯನ್ನು ಅವರು 1961ರಲ್ಲಿ ಬರೆದು ಪ್ರಕಟಿಸಿದರು. ಮುಂದೆ ಜರ್ಮನಿಯ ಹವ್ಯಾಸಿಗಳು ಅದೇ ಜೀವಂತ ಕಲ್ಲುಗಳ ಜೊತೆಗೆ ಪ್ರಖರವಾದ ದೀಪವನ್ನೂ, ನೊರೆಯೆಬ್ಬಿಸಿ ನೀರಿನ ಜಿಡ್ಡನ್ನು ತೆಗೆಯುವ ಯಂತ್ರವನ್ನೂ ಸೇರಿಸಿ ಒಂದು ಪದ್ಧತಿಯನ್ನು ರೂಪಿಸಿದರು. ಬರ್ಲಿನ್ ಪದ್ಧತಿಯೆಂದು ಅದಕ್ಕೆ ಹೆಸರು. ಇಂದಿನ ತೊಟ್ಟಿಗಳಲ್ಲಿ ಬಹುಪಾಲು ಅದರ ಸಂತಾನವೇ.

ಹಣದ ಚೀಲಕ್ಕೆ ಕೈಹಾಕುವ ಮೊದಲು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2001ರಲ್ಲಿ ಹವಳಗಳನ್ನೂ ಸೇರಿಸಲಾಯಿತು. ದಿಬ್ಬ ಕಟ್ಟುವ ಕಲ್ಲುಹವಳ, ಕರಿಹವಳ, ಕೊಳಲುಹವಳ, ಬೆಂಕಿಹವಳ, ಕಡಲ ಬೀಸಣಿಗೆ—ಇವೆಲ್ಲ ಹುಲಿ ಆನೆಗಳಿರುವ ಮೊದಲ ಅನುಸೂಚಿಯಲ್ಲೇ ಇವೆ. ಸಮುದ್ರದಿಂದ ಕಿತ್ತು ತಂದ ಕಲ್ಲುಹವಳವನ್ನು ಇಟ್ಟುಕೊಳ್ಳುವುದಾಗಲಿ ಮಾರುವುದಾಗಲಿ ಅಪರಾಧ. ದಡದಲ್ಲಿ ಬಿದ್ದಿದ್ದ ಸತ್ತ ತುಂಡೆಂದು ಹೇಳಿದರೂ ಕಾನೂನು ಒಪ್ಪುವುದಿಲ್ಲ. ಅಂಗಡಿಯವನು ಗುಟ್ಟಾಗಿ ಒಳಕೋಣೆಯಿಂದ ತಂದು ತೋರಿಸುವ ಹವಳವನ್ನು ಮುಟ್ಟಬೇಡಿರಿ. ಎಲ್ಲಿಂದ ಬಂತು, ಯಾವ ಪರವಾನಗಿಯ ಮೇಲೆ ಬಂತು ಎಂಬುದಕ್ಕೆ ಕಾಗದವಿಲ್ಲದ ಜೀವಿ ನಿಮಗೆ ಬೇಡ. ಅಮೆರಿಕ, ಜರ್ಮನಿ, ಆಸ್ಟ್ರೇಲಿಯಗಳಲ್ಲಿ ನೆಲಸಿರುವ ನಮ್ಮ ಕನ್ನಡಿಗರಿಗೆ ತೊಟ್ಟಿಯಲ್ಲೇ ಬೆಳೆಸಿದ ಹವಳದ ತುಂಡುಗಳು ದೊರೆಯುತ್ತವೆ. ದಾಸವಾಳದ ಕಡ್ಡಿಯನ್ನು ಮುರಿದು ನೆಟ್ಟಂತೆ ಹವಳವನ್ನೂ ತುಂಡರಿಸಿ ಅಂಟಿಸಿ ಬೆಳೆಸಬಹುದು. ಅಂಥ ತುಂಡನ್ನೇ ಕೊಳ್ಳಿರಿ. ಅದು ಸಮುದ್ರಕ್ಕೆ ನಷ್ಟಮಾಡದ ದಾರಿ. ತೊಟ್ಟಿಯ ಜೀವನಕ್ಕೆ ಒಗ್ಗಿದ ಜೀವಿಯಾದ್ದರಿಂದ ಬದುಕುವ ಸಂಭವವೂ ಹೆಚ್ಚು.

ಇನ್ನು ತೊಟ್ಟಿಯ ವಿಷಯ. ಹೊಸಬರು ಖರ್ಚು ಕಡಿಮೆಯೆಂದು ಸಣ್ಣ ತೊಟ್ಟಿಯನ್ನು ಆರಿಸುತ್ತಾರೆ. ಸಣ್ಣ ತೊಟ್ಟಿಯೇ ಕಷ್ಟ. ಅದರ ನೀರು ಬೇಗ ಬದಲಾಗುತ್ತದೆ. 150ರಿಂದ 200 ಲೀಟರಿನ ತೊಟ್ಟಿ ಕಲಿಯುವವರಿಗೆ ಅನುಕೂಲ. ನೀರು ಶುದ್ಧವಾಗಿರಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ; ಕೊಳವೆಬಾವಿಯ ನೀರಿನಲ್ಲಿ ಏನೇನೋ ಲವಣಗಳು. ಆರ್.ಓ. ಯಂತ್ರದ ನೀರು ಆಗಬಹುದು; ಆದರೆ ರುಚಿಗೆಂದು ಲವಣವನ್ನು ಮತ್ತೆ ಬೆರೆಸುವ ಜೋಡಣೆ ಅದರಲ್ಲಿದ್ದರೆ ಆ ನೀರು ಸಲ್ಲದು. ತಾಮ್ರದ ಹಂಡೆಯ ನೀರು ನಮಗೆ ಹಿತವೆನ್ನುತ್ತಾರೆ. ಹವಳಕ್ಕೆ ತಾಮ್ರ ವಿಷ. ಮೀನಿನ ರೋಗಕ್ಕೆ ಕೊಡುವ ತಾಮ್ರದ ಔಷಧವನ್ನೂ ಈ ತೊಟ್ಟಿಗೆ ಹಾಕಬಾರದು. ಅಡಿಗೆಯ ಉಪ್ಪು ಸಾಲದು. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ ಮೊದಲಾದವೂ ಇರುವುದರಿಂದ ಅದಕ್ಕೆಂದೇ ತಯಾರಿಸಿದ ಲವಣಮಿಶ್ರಣ ಬೇಕು. ಒಂದು ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕ. ಮಾಪಕದಲ್ಲಿ ನೀರಿನ ಸಾಂದ್ರತೆ 1.025ರ ಆಸುಪಾಸು ತೋರಬೇಕು.

ನೀರು ತುಂಬಿ ಕಲ್ಲು ಜೋಡಿಸಿದೊಡನೆ ಹವಳವನ್ನು ಬಿಡಬಹುದೆ? ಕೂಡದು. ಹಾಲಿಗೆ ಹೆಪ್ಪು ಹಾಕಿ ರಾತ್ರಿಯಿಡೀ ಅಲುಗಾಡಿಸದೆ ಬಿಡುತ್ತೇವಲ್ಲವೆ? ಇಲ್ಲಿಯೂ ಹಾಗೆಯೇ. ತೊಟ್ಟಿಯ ಕಸದಿಂದ ಅಮೋನಿಯ ಹುಟ್ಟುತ್ತದೆ, ಅದು ಕಡುವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅದನ್ನು ಅಷ್ಟು ಅಪಾಯವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಎರಡು ಬಗೆಯ ಜೀವಿಗಳು ಕಲ್ಲಿನ ಮೇಲೆ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪರೀಕ್ಷೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಾದ ಮೇಲಷ್ಟೆ ಹೆಪ್ಪು ಗಟ್ಟಿಯಾಯಿತೆಂದು ತಿಳಿಯಿರಿ. ಆ ನಡುವೆ ಗಾಜಿನ ಮೇಲೆಲ್ಲ ಕಂದು ಪಾಚಿ ಹಬ್ಬಿ ಅಸಹ್ಯವಾಗಿ ಕಾಣಬಹುದು. ಕಂಗಾಲಾಗಬೇಡಿರಿ, ಅದು ಬಂದು ಹೋಗುವ ಅತಿಥಿ.

ದಿನನಿತ್ಯದ ಕೆಲಸದಲ್ಲಿ ಹೊಸಬರು ಎಡವುವ ಸ್ಥಳವೊಂದಿದೆ. ತೊಟ್ಟಿಯ ನೀರು ದಿನದಿನವೂ ಆವಿಯಾಗಿ ಕೆಳಗಿಳಿಯುತ್ತದೆ. ಇಳಿದಷ್ಟನ್ನು ತುಂಬುವಾಗ ಉಪ್ಪುನೀರನ್ನೇ ಹಾಕುವವರುಂಟು. ಸಾರು ಕುದಿದು ಇಂಗಿದರೆ ಅದಕ್ಕೆ ಮತ್ತೆ ಉಪ್ಪು ಹಾಕುವ ಗೃಹಿಣಿಯುಂಟೆ? ಆವಿಯಾಗಿ ಹೋದದ್ದು ಬರಿಯ ನೀರು. ಉಪ್ಪೆಲ್ಲ ತೊಟ್ಟಿಯಲ್ಲೇ ಉಳಿದಿದೆ. ಆದುದರಿಂದ ದಿನವೂ ಶುದ್ಧವಾದ ಸಿಹಿನೀರನ್ನೇ ತುಂಬಬೇಕು. ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ಹಳೆಯ ನೀರನ್ನು ತೆಗೆದು, ಹಿಂದಿನ ದಿನವೇ ಬೆರೆಸಿಟ್ಟ ಹೊಸ ಉಪ್ಪುನೀರನ್ನು ಹಾಕಬೇಕು. ಮೆತುಹವಳಗಳಿಗೆ ಇಷ್ಟೇ ಸಾಕು. ಕಲ್ಲುಹವಳವನ್ನು ಬೆಳೆಸುವ ಹೊರದೇಶದ ಹವ್ಯಾಸಿಗಳು ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ, 1,300ರ ಸುಮಾರು ಮೆಗ್ನೀಸಿಯಂ, 8ರಿಂದ 9 ಜರ್ಮನ್ ಡಿಗ್ರಿ ಕ್ಷಾರತೆ ಇರುವಂತೆ ನೋಡಿಕೊಳ್ಳಬೇಕಾಗುತ್ತದೆ. ಒಂದು ಎಚ್ಚರಿಕೆಯಿರಲಿ: ಅಂಕೆ ಚೂರು ತಪ್ಪಿದ್ದರೂ ಸ್ಥಿರವಾಗಿರುವ ನೀರಿನಲ್ಲಿ ಹವಳ ಬದುಕೀತು, ಸರಿಯಾದ ಅಂಕೆಯ ಕಡೆಗೆ ದಿನಕ್ಕೊಮ್ಮೆ ಎಳೆದಾಡಿದ ನೀರಿನಲ್ಲಿ ಬದುಕದು.

ಮೊದಲಿಗೆ ಯಾವುದನ್ನು ಸಾಕಬೇಕು? ಸುಣ್ಣದ ಮನೆ ಕಟ್ಟದ ಮೆತು ಜಾತಿಗಳೇ ಮೇಲು. ಅಣಬೆ ಹವಳವೆಂದು ಕರೆಯುವ ಅಗಲವಾದ ತಟ್ಟೆಯಂಥದು ಮಂದ ಬೆಳಕಿನಲ್ಲೂ ತೃಪ್ತಿಯಿಂದಿರುತ್ತದೆ. ಜೋಯಾಂಥಸ್ ಎಂಬುದು ಗುಂಡಿಗಳ ಗೊಂಚಲಿನಂತೆ ಹಬ್ಬುತ್ತದೆ. ಇವೆರಡೂ ಶಾಸ್ತ್ರರೀತ್ಯಾ ಹವಳದ ನೆಂಟರು. ತೊಗಲು ಹವಳ ಇನ್ನೊಂದು. ಅದು ಆಗಾಗ ಎಳೆಗಳನ್ನೆಲ್ಲ ಒಳಗೆಳೆದುಕೊಂಡು, ಮೈಮೇಲೆ ಮೇಣದಂಥ ಪೊರೆ ಬೆಳೆಸಿ, ದಿನಗಟ್ಟಲೆ ಮುದುಡಿ ಕೂರುತ್ತದೆ. ಸತ್ತಿತೆಂದು ತೆಗೆದೆಸೆಯಬೇಡಿರಿ. ಪೊರೆ ಕಳಚಿದ ಮೇಲೆ ಅದು ಮೊದಲಿಗಿಂತ ಚೆನ್ನಾಗಿ ಅರಳುತ್ತದೆ. ಇವಕ್ಕೆ ದೀಪ ದಿನಕ್ಕೆ 8ರಿಂದ 10 ಗಂಟೆ ಸಾಕು. ಹೊಸದಾಗಿ ತಂದಾಗ ಬೆಳಕನ್ನು ಕಡಿಮೆಯಿಟ್ಟು ಎರಡು ಮೂರು ವಾರಗಳಲ್ಲಿ ಮೆಲ್ಲಮೆಲ್ಲನೆ ಏರಿಸಬೇಕು. ನೀರಿನ ಸೆಳವು ನೇರವಾಗಿ ಮೈಗೆ ಬಡಿಯದೆ, ಎಳೆಗಳು ಗಾಳಿಗೆ ತೂಗುವ ಪೈರಿನಂತೆ ಓಲಾಡುವಷ್ಟಿರಲಿ. ಒಂದನ್ನೊಂದು ಅಂಟಿಸಿ ಇಡಬೇಡಿರಿ; ನೆರೆಯವನ ಮೇಲೆ ವಿಷ ಕಾರುವುದರಲ್ಲಿ ಇವು ಯಾರಿಗೂ ಕಡಿಮೆಯಲ್ಲ. ಜೊತೆಗೆ ಮೀನು ಬೇಕೆನಿಸಿದರೆ ಕೋಡಂಗಿ ಮೀನಿನ ಒಂದು ಜೋಡಿ ಸಾಕು. ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇವುಗಳ ಮರಿಮಾಡಿಸುವ ವಿಧಾನವನ್ನು ಸಿದ್ಧಪಡಿಸಿದೆ. ಹಾಗೆ ಸಾಕಿ ಬೆಳೆಸಿದ ಮರಿಗಳನ್ನೇ ಕೇಳಿ ಪಡೆಯಿರಿ.

ಜೋಯಾಂಥಸ್ ಮತ್ತು ಅದರ ಬಳಗದ ಕೆಲವು ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರವಾದ ವಿಷವಿರುತ್ತದೆ. ಇವನ್ನು ಮುಟ್ಟುವಾಗ ಕೈಗೆ ರಬ್ಬರಿನ ಚೀಲ, ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು. ಇವು ಬೆಳೆದ ಕಲ್ಲನ್ನು ಶುಚಿಮಾಡಲೆಂದು ಎಂದೂ ಬಿಸಿನೀರಿನಲ್ಲಿ ಕುದಿಸಬೇಡಿರಿ. ಆ ಹಬೆಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಹೊರದೇಶಗಳಲ್ಲಿ ವರದಿಯಾಗಿವೆ. ಮಕ್ಕಳ ಕೈಗೆ ತೊಟ್ಟಿ ಎಟಕದಿರಲಿ.

ನಮ್ಮ ನಾಡಿನಲ್ಲಿ ಇದಕ್ಕೆ ಎರಡು ಶತ್ರುಗಳು: ಬೇಸಗೆ ಮತ್ತು ವಿದ್ಯುತ್ತಿನ ಕಡಿತ. ನೀರು 25, 26 ಡಿಗ್ರಿ ಸೆಲ್ಸಿಯಸಿನಲ್ಲಿದ್ದರೆ ಕ್ಷೇಮ. ನೀರಿನ ಮೇಲೆ ಬೀಸಣಿಗೆಯ ಗಾಳಿ ಹಾಯಿಸಿದರೆ ಒಂದೆರಡು ಡಿಗ್ರಿ ತಂಪಾಗುತ್ತದೆ. ಕಲಬುರಗಿಯ ಒಣಹವೆಯಲ್ಲಿ ಈ ಉಪಾಯ ಚೆನ್ನಾಗಿ ನಡೆದರೂ ಅಲ್ಲಿನ ಬಿಸಿಲು ಅದಕ್ಕೂ ಮೀರಿದ್ದು. ಮಂಗಳೂರಿನ ತೇವದಲ್ಲಿ ಉಪಾಯವೇ ಅಷ್ಟಾಗಿ ಸಾಗದು. ಅಂಥ ಕಡೆ ನೀರನ್ನು ತಂಪುಮಾಡುವ ಯಂತ್ರವಿಲ್ಲದೆ ಈ ಹವ್ಯಾಸಕ್ಕೆ ಇಳಿಯುವುದು ವಿವೇಕವಲ್ಲ. ವಿದ್ಯುತ್ತು ನಿಂತಾಗ ದೀಪವಿಲ್ಲದಿದ್ದರೆ ಹವಳ ಒಂದು ದಿನ ತಾಳುತ್ತದೆ. ನೀರಿನ ಚಲನೆ ನಿಂತರೆ ಕೆಲವೇ ಗಂಟೆಗಳಲ್ಲಿ ಉಸಿರುಕಟ್ಟುತ್ತದೆ. ಬ್ಯಾಟರಿಯಿಂದ ನಡೆಯುವ ಒಂದು ಚಿಕ್ಕ ಗಾಳಿಪಂಪು ಯಾವಾಗಲೂ ಮನೆಯಲ್ಲಿರಲಿ.

ಇಷ್ಟೆಲ್ಲ ತೊಂದರೆ ಯಾತಕ್ಕೆ ಎಂದು ನೀವು ಕೇಳಬಹುದು. ಚೆಲುವಿಗಾಗಿ ಎಂದರೆ ಅರ್ಧ ಉತ್ತರವಾದೀತು. ಸಮುದ್ರದ ನೀರು ವಾಡಿಕೆಯ ಬೇಸಗೆಯ ಮಟ್ಟಕ್ಕಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ, ಹವಳ ತನ್ನ ಒಕ್ಕಲನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ, 2010ರಲ್ಲಿ, 2016ರಲ್ಲಿ ಹೀಗಾಯಿತು. ಲೋಕವ್ಯಾಪಿಯಾದ ನಾಲ್ಕನೆಯ ಬಿಳಿಚುವಿಕೆ ನಡೆದಿದೆಯೆಂದು 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಸಾರಿದರು. ನಮ್ಮ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಬುಡದಲ್ಲಿಯೂ ಹವಳಗಳಿವೆ. ಪತ್ರಿಕೆಯಲ್ಲಿ “ಒಂದು ಡಿಗ್ರಿ” ಎಂದು ಓದಿದಾಗ ಅದು ನಮಗೆ ಅಲ್ಪವಾಗಿಯೇ ತೋರುತ್ತದೆ. ಬೇಸಗೆಯ ಒಂದು ತಿಂಗಳು ತೊಟ್ಟಿಯ ಉಷ್ಣಮಾಪಕದ ಮುಂದೆ ಕುಳಿತು ಆ ಒಂದು ಡಿಗ್ರಿಯನ್ನು ಇಳಿಸಲು ಹೆಣಗಿದವರಿಗೆ ಹಾಗೆ ತೋರಲಾರದು.

ಕೊನೆಯದಾಗಿ ಒಂದು ಸಲಹೆ. ಒಂದು ವರ್ಷ ಕಾಲ ದಿನಕ್ಕೆ ಅರ್ಧ ಗಂಟೆಯನ್ನೂ, ಊರಿಗೆ ಹೋದಾಗ ನೀರು ನೋಡಿಕೊಳ್ಳುವ ಒಬ್ಬ ನಂಬಿಕೆಯ ನೆರೆಯವರನ್ನೂ ಹೊಂದಿಸಿಕೊಳ್ಳಬಲ್ಲಿರಾದರೆ ಆರಂಭಿಸಿರಿ. ಮೊದಲ ಎರಡು ತಿಂಗಳು ಬರಿಯ ನೀರು ಕಲ್ಲುಗಳನ್ನೇ ನೋಡುತ್ತ ಕೂರುವ ತಾಳ್ಮೆ ನಿಮ್ಮಲ್ಲಿದ್ದರೆ ಮೂರನೆಯ ತಿಂಗಳು ಒಂದು ಅಣಬೆ ಹವಳವನ್ನು ತನ್ನಿರಿ. ಅಷ್ಟು ಬಿಡುವಿಲ್ಲದಿದ್ದರೆ ಚಿಂತೆಯಿಲ್ಲ. ಕಡಲು ತನ್ನ ಹವಳವನ್ನು ತಾನೇ ಸಾಕಿಕೊಳ್ಳಬಲ್ಲದು. ಅದನ್ನು ನಾವು ಕೀಳದೆ, ಕೊಳ್ಳದೆ, ಕಾಯಿಸದೆ ಬಿಟ್ಟರೆ ಸಾಕು.