ಉಪಗ್ರಹಕ್ಕೂ ಬೇಕು ಬಾಂದುಕಲ್ಲು

ಜಮೀನಿನ ಗಡಿ ಗುರುತಿಸುವ ಹದ್ದುಬಸ್ತಿಗೆ ಬರುವ ಭೂಮಾಪಕರ ಕೈಯಲ್ಲಿ ಈಗ ಸರಪಳಿಯ ಬದಲು ಉಪಗ್ರಹದ ಸಂಕೇತ ಹಿಡಿಯುವ ರೋವರ್ ಕಾಣಿಸತೊಡಗಿದೆ. ಎರಡು ಮೀಟರ್ ಉದ್ದದ ಕೋಲು, ತುದಿಯಲ್ಲಿ ಅಣಬೆಯಂಥ ಆಂಟೆನಾ. ಉಪಗ್ರಹವೇ ಅಳೆದು ಕೊಟ್ಟ ಮೇಲೆ ಗಡಿ ತಕರಾರು ಮುಗಿದಂತೆಯೇ ಎಂದು ನಂಬುವವರಿದ್ದಾರೆ. ಹಾಗೇನೂ ಇಲ್ಲ ಎಂಬುದು ನನ್ನ ವಾದ. ಉಪಗ್ರಹ ಕೊಡುವುದು ಬರೀ ಅಂಕಿ. ಆ ಅಂಕಿಯನ್ನು ನಮ್ಮ ನೆಲಕ್ಕೆ, ನಮ್ಮ ಕಡತಕ್ಕೆ ಹೊಂದಿಸಿದರೆ ಮಾತ್ರ ಅದು ಅಳತೆಯಾಗುತ್ತದೆ. ಕಾರವಾರ, ಅಂಕೋಲಾ ಸೀಮೆಯ ಮೋಜಣಿಯ ಇತಿಹಾಸ ನೋಡಿದರೆ ಇದು ಹೊಸ ಸಮಸ್ಯೆಯಲ್ಲ ಎಂಬುದೂ ತಿಳಿಯುತ್ತದೆ.

ಭಾರತದ ಮಹಾ ತ್ರಿಕೋನಮಿತಿ ಸರ್ವೆಗೆ ಬುನಾದಿ ಹಾಕಿದ ವಿಲಿಯಂ ಲ್ಯಾಂಬ್ಟನ್ ಮೊದಲು ಕೈ ಪಳಗಿಸಿಕೊಂಡದ್ದು 1800ರಲ್ಲಿ, ಬೆಂಗಳೂರಿನ ಬಳಿ. ಆತ ಬಳಸಿದ ಉಕ್ಕಿನ ಸರಪಳಿ ಚೀನಾದ ಚಕ್ರವರ್ತಿಗೆಂದು ಹೊರಟ ಕಾಣಿಕೆಗಳಲ್ಲಿ ಒಂದು. ಚಕ್ರವರ್ತಿಗೆ ಬೇಡವಾಗಿ ಕಲಕತ್ತೆಗೆ ಬಂದಿತ್ತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಎಳೆದೆಳೆದು ಸರಪಳಿ ಸವೆಯುತ್ತದೆ. ಹಾಗಾಗಿ 1802ರಲ್ಲಿ ಮದ್ರಾಸಿನಲ್ಲಿ ಆಧಾರರೇಖೆ ಅಳೆದಾಗ ಆತ ಜೊತೆಗೆ ಥರ್ಮಾಮೀಟರ್ ಇಟ್ಟುಕೊಂಡ; ಇದ್ದ ಎರಡು ಸರಪಳಿಗಳಲ್ಲಿ ಒಂದನ್ನು ಹೋಲಿಕೆಗೆಂದೇ ಎತ್ತಿಟ್ಟ. ಉತ್ತರ ಕನ್ನಡದ ಹೊಲಗದ್ದೆಗಳ ಕಥೆ ಬೇರೆ. 1862ರಲ್ಲಿ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ಮುಂಬಯಿಯ ಮೋಜಣಿ ಪದ್ಧತಿ ಇಲ್ಲಿಗೆ ಬಂತು. ಹದಿನಾರು ಆಣೆಗಳಾಗಿ ಭಾಗವಾದ 33 ಅಡಿ ಸರಪಳಿ, ಲಂಬ ಹಿಡಿಯಲು ಕ್ರಾಸ್ ಸ್ಟಾಫ್. ಆ ಸರಪಳಿಯ ಒಂದೊಂದು ಉದ್ದ ನಾಲ್ಕೂ ಬದಿಗಿದ್ದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಟಿಪ್ಪಣಿ ಎಂಬ ಅಳತೆಯ ದಾಖಲೆಯಲ್ಲಿ ಬರೆದದ್ದು ಅಕ್ಷಾಂಶ ರೇಖಾಂಶವನ್ನಲ್ಲ; ಗಡಿಯ ಈ ಬಾಂದುಕಲ್ಲಿನಿಂದ ಆ ಕಲ್ಲಿಗೆ ಎಷ್ಟು ಸರಪಳಿ, ಎಷ್ಟು ಆಣೆ ಎಂಬುದನ್ನು.

ಎತ್ತರದ ವಿಷಯದಲ್ಲಿ ಕಾರವಾರಕ್ಕೆ ದೊಡ್ಡ ಸ್ಥಾನವೇ ಇದೆ, ಊರವರೇ ಅದನ್ನು ಮರೆತಂತಿದೆ. 1909ರಲ್ಲಿ ಸರ್ವೆ ಆಫ್ ಇಂಡಿಯಾ ದೇಶದ ಎತ್ತರಗಳ ಲೆಕ್ಕವನ್ನು ಒಂದೇ ಜಾಲವಾಗಿ ಹೊಂದಿಸಿದಾಗ, ಸಮುದ್ರಮಟ್ಟಕ್ಕೆ ಆಧಾರವಾಗಿ ಹಿಡಿದದ್ದು ಒಂಬತ್ತು ಬಂದರುಗಳ ಉಬ್ಬರವಿಳಿತದ ದಾಖಲೆ. ಕರಾಚಿ, ಮುಂಬಯಿ, ಮದ್ರಾಸುಗಳ ಸಾಲಿನಲ್ಲಿ ಕಾರವಾರವೂ ಇತ್ತು. ಅದೇ ಕಾರವಾರದ ಟಾಗೋರ್ ಕಡಲತೀರದಲ್ಲಿ ಇಂದು ಉಪಗ್ರಹ ಗ್ರಾಹಕವನ್ನು ನಿಲ್ಲಿಸಿದರೆ, ಅದು ಮೊದಲು ತೋರಿಸುವ ಎತ್ತರ ಸೊನ್ನೆಗಿಂತ 70 ಮೀಟರಿಗೂ ಕೆಳಗೆ! ಯಂತ್ರ ಕೆಟ್ಟಿಲ್ಲ. ಉಪಗ್ರಹ ಎತ್ತರವನ್ನು ಎಣಿಸುವುದು ಗಣಿತದ ನುಣುಪಾದ ಭೂಗೋಲದ ಮೇಲಿಂದ. ಗುರುತ್ವಾಕರ್ಷಣೆ ಎಲ್ಲೆಡೆ ಒಂದೇ ಸಮ ಇಲ್ಲದ್ದರಿಂದ, ದಕ್ಷಿಣ ಭಾರತದ ಸುತ್ತ ಕಡಲಿನ ನಿಜವಾದ ಮಟ್ಟ ಆ ಗೋಲಕ್ಕಿಂತ ಬಹಳ ತಗ್ಗಿನಲ್ಲಿದೆ. ನೀರು ಎತ್ತ ಹರಿಯುತ್ತದೆ ಎಂಬುದು ಉಪಗ್ರಹಕ್ಕೆ ತಿಳಿಯದು. ಉಪ್ಪುನೀರಿನ ಗಜನಿ ಗದ್ದೆಯ ಕಟ್ಟೆಯನ್ನೋ ಹೆದ್ದಾರಿಯ ಮೋರಿಯನ್ನೋ ಕಟ್ಟುವವರು ಈ ಅಂತರವನ್ನು ತಿದ್ದಿಕೊಳ್ಳದೆ ಒಂದು ಹೆಜ್ಜೆ ಇಡುವಂತಿಲ್ಲ.

ಅಡ್ಡಳತೆಯಲ್ಲೂ ಇದೇ ಪಾಡು. ನಮ್ಮ ಹಳೆಯ ಭೂಪಟಗಳು 1830ರ ‘ಎವರೆಸ್ಟ್’ ಎಂಬ ಗಣಿತದ ಗೋಲದ ಲೆಕ್ಕದವು, ಮಧ್ಯಪ್ರದೇಶದ ಕಲ್ಯಾಣಪುರವನ್ನು ಮೂಲಬಿಂದುವಾಗಿಟ್ಟುಕೊಂಡವು. ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84 ಎಂಬ ಬೇರೊಂದು ಗೋಲದ ಲೆಕ್ಕವನ್ನು. ಒಂದರ ಅಂಕಿಯನ್ನು ಇನ್ನೊಂದರ ಮೇಲೆ ತಿದ್ದದೆ ಇಟ್ಟರೆ ಕಾರವಾರದಲ್ಲಿ ಜಾಗ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ, ಅಂದರೆ ಒಬ್ಬರ ತೋಟ ಇನ್ನೊಬ್ಬರ ಅಂಗಳಕ್ಕೆ. ಇನ್ನು ಗೋಲವನ್ನು ವಲಯಗಳಾಗಿ ಹಂಚಿ ಸಮತಟ್ಟು ಮಾಡುವ ನಕ್ಷೆಯ ಲೆಕ್ಕದಲ್ಲಿ ನಮ್ಮ ಕರಾವಳಿ 43ನೇ ವಲಯದಲ್ಲಿದೆ. ಇಲ್ಲಿ ನೆಲದ ಒಂದು ಕಿಲೋಮೀಟರ್ ನಕ್ಷೆಯಲ್ಲಿ ಸುಮಾರು 30 ಸೆಂಟಿಮೀಟರ್ ಕಡಿಮೆ ಬರುತ್ತದೆ. ಮನೆ ನಿವೇಶನಕ್ಕೆ ಇದು ಲೆಕ್ಕಕ್ಕಿಲ್ಲ, ರಸ್ತೆ ರೈಲಿನ ಭೂಸ್ವಾಧೀನಕ್ಕೆ ಲೆಕ್ಕಕ್ಕಿದೆ. ಉಪಕರಣ ನಿಲ್ಲಿಸುವ ಕೆಲಸವೂ ಅಷ್ಟೇ ನಾಜೂಕು. ಕೋಲಿನ ಮಟ್ಟದ ಗುಳ್ಳೆ ತಪ್ಪಾಗಿದ್ದು ಕೋಲು ಒಂದೇ ಡಿಗ್ರಿ ವಾಲಿದರೂ ಎರಡು ಮೀಟರ್ ಮೇಲಿನ ಆಂಟೆನಾ ಮೂರೂವರೆ ಸೆಂಟಿಮೀಟರ್ ಆಚೆ ಹೋಗುತ್ತದೆ. ಯಂತ್ರ ಒಂದೆರಡು ಸೆಂಟಿಮೀಟರ್ ನಿಖರತೆಯದೇ ಇರಬಹುದು, ಗುಳ್ಳೆ ಅದನ್ನು ನುಂಗಿತು. ಅಡಿಕೆ ತೋಟದ ಸೋಗೆಯ ಕೆಳಗೆ, ತಗಡಿನ ಮಾಡಿನ ಪಕ್ಕದಲ್ಲಿ ಉಪಗ್ರಹದ ಸಂಕೇತ ಅಡ್ಡದಾರಿ ಹಿಡಿದು ಬರುತ್ತದೆ.

ನನ್ನ ವಾದಕ್ಕೆ ಆಕ್ಷೇಪಗಳಿವೆ. ಸರ್ವೆ ಆಫ್ ಇಂಡಿಯಾ ಉಪಗ್ರಹದ ಸಂಕೇತ ಹಿಡಿಯುವ ಕಾಯಂ ನೆಲೆ ಕೇಂದ್ರಗಳ ಜಾಲ ಕಟ್ಟಿದೆ, ಭೂಮಾಪಕರು ತಮ್ಮದೇ ಬೇಸ್ ಸ್ಟೇಷನ್ ಹೂಡುವುದೂ ಬೇಡ, ಇನ್ನು ಕಲ್ಲಿನ ಹಂಗೇಕೆ ಎನ್ನುತ್ತಾರೆ. ಆದರೆ ಜಾಲ ಹೇಳುವುದು ರೋವರ್ ಭೂಮಿಯ ಮೇಲೆ ಎಲ್ಲಿದೆ ಎಂದು. ನಿಮ್ಮ ಹಿಸ್ಸಾ ಎಲ್ಲಿದೆ ಎಂದಲ್ಲ. ಅದಕ್ಕೆ ಹಳೆಯ ಕಲ್ಲುಗಳಲ್ಲಿ ನಾಲ್ಕಾರನ್ನಾದರೂ ಮುಟ್ಟಿ ತಾಳೆ ನೋಡಬೇಕು. ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು: ಒರಟು ಸರಪಳಿಯ ಅಳತೆಗೆ ನಿಖರ ಯಂತ್ರವನ್ನು ಬಗ್ಗಿಸುವುದು ತಲೆಕೆಳಗಾದ ಕ್ರಮವಲ್ಲವೇ? ಬಗ್ಗಿಸಿ ಎಂದು ನಾನು ಹೇಳುತ್ತಿಲ್ಲ. ನಾಲ್ಕು ಕಲ್ಲುಗಳಲ್ಲಿ ಮೂರು ಹೊಂದಿ ಒಂದು ಎರಡಡಿ ತಪ್ಪಿದರೆ ವ್ಯತ್ಯಾಸವನ್ನು ನಾಲ್ಕಕ್ಕೂ ಹಂಚಿ ಮುಚ್ಚಿಬಿಡುವುದು ತಪ್ಪು. ಆ ಕಲ್ಲನ್ನು ಯಾರೋ ಸರಿಸಿದ್ದಾರೆಯೇ ಎಂದು ಕೇಳಬೇಕು. ಹಾಗೆ ನೋಡಿದರೆ ತಾಳೆ ನೋಡುವುದೇ ಒಂದು ವಿಚಾರಣೆ.

ಕಲ್ಲೇ ಉಳಿಯದ ಜಾಗವೂ ಇದೆ, ಅಲ್ಲಿ ಉಪಗ್ರಹದ ಪಕ್ಷವೇ ಮೇಲು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿ ಗಂಗಾವಳಿ ಹೊಳೆಗೆ ಬಿತ್ತು. ಚಿಮ್ಮಿದ ನೀರು ಎದುರು ದಡದ ಉಳುವರೆಯ ಮನೆಗಳನ್ನೇ ಬೀಳಿಸಿತು. ಅಂಥಲ್ಲಿ ಗಡಿಯನ್ನು ಮತ್ತೆ ಹಿಡಿಯಬೇಕಾದರೆ, ಕಲ್ಲು ಇದ್ದಾಗಲೇ ಅದರ ನಿರ್ದೇಶಾಂಕ ಬರೆದಿಟ್ಟಿರಬೇಕು. ಹೊಳೆಯಂಚು, ಕಡಲಂಚಿನ ಗ್ರಾಮಗಳಿಂದಲೇ ಆ ಕೆಲಸ ಮೊದಲಾಗಲಿ. ನಿಮ್ಮ ಜಮೀನಿಗೆ ರೋವರ್ ಬಂದಾಗ ಯಾವ ಯಾವ ಕಲ್ಲಿಗೆ ತಾಳೆ ನೋಡಿದರು, ಎಷ್ಟು ವ್ಯತ್ಯಾಸ ಬಂತು ಎಂದು ಕೇಳಿ. ಉತ್ತರವನ್ನು ನಕ್ಷೆಯ ಮೇಲೆಯೇ ಬರೆಸಿಕೊಳ್ಳಿ.