ವೃತ್ತ ತುಂಬಿದರೆ ಭಾಷೆ ಬಂದಂತೆಯೇ?

2021ರ ಜುಲೈ 22ರಂದು ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿಯ ಮೂರೂ ಭಾಷಾ ಪರೀಕ್ಷೆಗಳನ್ನು ಒಂದೇ ಬೆಳಿಗ್ಗೆ ಬರೆದು ಮುಗಿಸಿದರು. ಬರೆದರು ಎನ್ನುವುದು ರೂಢಿಯ ಮಾತು. ಒಂದು ವಾಕ್ಯವನ್ನೂ ಅವರು ಬರೆಯಬೇಕಾಗಿರಲಿಲ್ಲ. ಭಾಷೆಗೆ 40 ಪ್ರಶ್ನೆ, ಪ್ರಶ್ನೆಗೆ ನಾಲ್ಕು ಉತ್ತರ; ಓಎಂಆರ್ ಹಾಳೆಯಲ್ಲಿ ಸರಿಯಾದ ವೃತ್ತಕ್ಕೆ ಶಾಯಿ ತುಂಬಿದರಾಯಿತು. ಆ ವರ್ಷ 157 ಮಂದಿ 625ಕ್ಕೆ 625 ಅಂಕ ಪಡೆದರು. ಕೋವಿಡ್ ಕಾಲದ ಅನಿವಾರ್ಯತೆ ಅದು, ದೂರುವಂತಿಲ್ಲ. ಆದರೆ ಅವರಲ್ಲಿ ಯಾರಿಗೆ ಕನ್ನಡದಲ್ಲಿ ನೆಟ್ಟಗೆ ಒಂದು ಅರ್ಜಿ ಬರೆಯಲು ಬರುತ್ತದೆ ಎಂಬುದನ್ನು ಆ ಹಾಳೆ ಹೇಳಲಾರದು.

ಹಾಗೆಂದು ಇಂಥ ಪರೀಕ್ಷೆ ಹುಟ್ಟಿದ್ದು ಸೋಮಾರಿತನದಿಂದಲ್ಲ. 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಇಂಗ್ಲಿಷಿನ ಒಂದೇ ಉತ್ತರ ಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದರು. ಒಬ್ಬರು 64 ಕೊಟ್ಟರೆ ಇನ್ನೊಬ್ಬರು 98 ಕೊಟ್ಟಿದ್ದರು! ಶಿಕ್ಷಕರ ಅಂಕಗಳ ಈ ಏರುಪೇರನ್ನೇ ಅಧ್ಯಯನ ಮಾಡಿದ ಫ್ರೆಡರಿಕ್ ಕೆಲ್ಲಿ, ಬಳಿಕ ಕ್ಯಾನ್ಸಾಸಿನಲ್ಲಿ ಬಹು ಆಯ್ಕೆಯ ಮಾದರಿಯ ಓದಿನ ಪರೀಕ್ಷೆ ರೂಪಿಸಿದರು. ಮಗುವಿನ ಭವಿಷ್ಯ ತಿದ್ದುವವರ ಮರ್ಜಿಗೆ ಸಿಕ್ಕಬಾರದೆಂಬ ಕಾಳಜಿ ಅದರ ಹಿಂದಿತ್ತು. ಬಡವರ ಮಕ್ಕಳ ಪಾಲಿಗೆ ಇದು ಸಣ್ಣ ಮಾತಲ್ಲ.

ಆದರೆ ಸುಲಭವಾಗಿ ಅಳೆಯಬಹುದಾದದ್ದೇ ಕ್ರಮೇಣ ಪಾಠವಾಯಿತು. ಅಮೆರಿಕಕ್ಕೆ ಓದಲು ಹೋಗುವವರು ಬಲ್ಲ ಟೋಫೆಲ್ 1964ರಲ್ಲಿ ಶುರುವಾದರೂ, ಅದರ ಮುಖ್ಯ ಪರೀಕ್ಷೆಯೊಳಗೆ ಮಾತಿನ ಭಾಗ ಸೇರಿದ್ದು 2005ರಲ್ಲಿ.

1989ರಲ್ಲಿ ಗ್ರಾಂಟ್ ವಿಗಿನ್ಸ್ 'ನೈಜ ಪರೀಕ್ಷೆ'ಯ ಪರ ವಾದಿಸಿದರು. ಬದುಕಿನಲ್ಲಿ ಭಾಷೆಯಿಂದ ಏನು ಮಾಡುತ್ತೇವೆಯೋ ಅದನ್ನೇ ಮಾಡಿಸಿ ನೋಡಿ ಎಂಬುದು ಅದರ ತಿರುಳು. ನಮ್ಮಲ್ಲಾದರೆ ಬೀದಿ ನಲ್ಲಿ ಕೆಟ್ಟಿದ್ದಕ್ಕೆ ಪಂಚಾಯಿತಿಗೆ ಪತ್ರ, ಅಜ್ಜಿಯಿಂದ ಕೇಳಿದ ಕಥೆಯ ನಿರೂಪಣೆ, ಪತ್ರಿಕೆಯ ಸುದ್ದಿಯೊಂದನ್ನು ಓದಿ ಹೇಳುವುದು. ಕೇಳಲು ಸೊಗಸಾಗಿದೆ. ವರ್ಮಾಂಟ್ ರಾಜ್ಯ ಇದನ್ನು ಮಾಡಿಯೇ ನೋಡಿತು. 4 ಮತ್ತು 8ನೇ ತರಗತಿಯ ಮಕ್ಕಳು ವರ್ಷವಿಡೀ ಬರೆದುದನ್ನು ಕಡತದಲ್ಲಿ ಕೂಡಿಸಿ ಅಂಕ ನೀಡಿತು. 1992ರಲ್ಲಿ ರ‍್ಯಾಂಡ್ ಸಂಸ್ಥೆ ಪರಿಶೀಲಿಸಿದಾಗ, ಒಂದೇ ಕಡತಕ್ಕೆ ಇಬ್ಬರು ಶಿಕ್ಷಕರು ಕೊಟ್ಟ ಅಂಕಗಳು ಸಾಕಷ್ಟು ತಾಳೆಯಾಗುತ್ತಿರಲಿಲ್ಲ. ಸ್ಟಾರ್ಚ್, ಎಲಿಯಟ್ ಕಂಡ ಕಾಯಿಲೆಯೇ ಎಂಬತ್ತು ವರ್ಷದ ನಂತರ ಮರಳಿತ್ತು.

ಇದಕ್ಕೆ ಮದ್ದಿಲ್ಲವೆಂದಲ್ಲ. ಮಾದರಿ ಬರಹಗಳನ್ನು ಶಿಕ್ಷಕರು ಒಟ್ಟಿಗೆ ಕುಳಿತು ತಿದ್ದಿ, ಯಾವುದಕ್ಕೆ ಎಷ್ಟು ಅಂಕವೆಂದು ಜಗಳವಾಡಿಯಾದರೂ ಒಮ್ಮತಕ್ಕೆ ಬರಬೇಕು. ಶಾಲೆಯೇ ನೀಡುವ ಆಂತರಿಕ ಅಂಕಗಳ ಮೇಲೆ ಇಲ್ಲಿ ಪಾಲಕರಿಗೆ ಅನುಮಾನವಿದ್ದರೆ, ಅಂಥ ಕೂಟಗಳು ವಿರಳವೆಂಬುದೂ ಕಾರಣ. ಇನ್ನೊಂದು ತೊಡಕು ಸಮಯದ್ದು. ಐವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ಮಾತನ್ನು ಐದೈದು ನಿಮಿಷ ಕೇಳಿದರೂ ನಾಲ್ಕು ಗಂಟೆ ಮೀರುತ್ತದೆ. ವೇಳಾಪಟ್ಟಿಯಲ್ಲಿ ಆ ನಾಲ್ಕು ಗಂಟೆಯನ್ನು ಯಾವ ವಿಷಯದಿಂದ ಕಡಿಯುವುದೆಂದು ಕನ್ನಡ ಮೇಷ್ಟರೊಬ್ಬರೇ ತೀರ್ಮಾನಿಸಲಾರರು.